ಕಿಟಕಿಯ ತೆರಿಗೆ ರಿಯಾಯಿತಿ ನಿಂತಿತು: ಚಳಿ ಊರಿನ ಮನೆಗೆ ಈಗ ಯಾವ ಲೆಕ್ಕ ಮುಖ್ಯ?

ಮನೆಗೆ ಹೊಸ ಕಿಟಕಿ, ಬಾಗಿಲು ಹಾಕಿಸಿದವರಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. 2022ರ ಕಾಯ್ದೆಯ ಪ್ರಕಾರ ಅದು 2032ರ ತನಕ ಇರಬೇಕಿತ್ತು. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾಯ್ದೆ ಅದನ್ನು ಏಳು ವರ್ಷ ಮೊದಲೇ ನಿಲ್ಲಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು. ಫ್ರಿಜ್ಜಿನಿಂದ ಕಿಟಕಿಯವರೆಗೆ ಎಲ್ಲದರ ಮೇಲೂ ಕಾಣುವ, ಇದು ಶಕ್ತಿ ಉಳಿಸುವ ಸಾಮಾನು ಎಂದು ಹೇಳುವ ಎನರ್ಜಿ ಸ್ಟಾರ್ ಗುರುತಿನ ಯೋಜನೆಯನ್ನೇ ಮುಚ್ಚುವ ಆಲೋಚನೆ ಸರ್ಕಾರಕ್ಕಿದೆ ಅನ್ನುವ ಸುದ್ದಿ ಅದು.

ಎರಡೂ ಸುದ್ದಿ ಬೆರೆತು ಗೊಂದಲ ಹೆಚ್ಚಾಗಿದೆ. ಮಿನ್ನೆಸೋಟ, ಮಿಷಿಗನ್, ಷಿಕಾಗೋ ಕಡೆ ಹಳೆಯ ಮನೆ ಕೊಂಡ ಕನ್ನಡಿಗರಿಗೂ ಇದು ತಟ್ಟುವ ವಿಷಯ. ರಿಯಾಯಿತಿ ಇಲ್ಲದ ಮೇಲೆ ಒಂದರ ಹಿಂದೊಂದು ಗಾಜು ಕೂರಿಸಿದ ಮೂರು ಗಾಜಿನ ಕಿಟಕಿ ಹಾಕಿಸುವುದು ದಂಡವೇ? ಗುರುತೇ ಹೋದರೆ ಒಳ್ಳೆಯ ಕಿಟಕಿ ಯಾವುದೆಂದು ತಿಳಿಯುವುದು ಹೇಗೆ? ನಿಜ ಹೇಳಬೇಕೆಂದರೆ, ರಿಯಾಯಿತಿ ಹೋಗಿದ್ದರಿಂದ ಚಳಿ ಊರಿನ ಮನೆಯ ಲೆಕ್ಕ ಹೆಚ್ಚೇನೂ ಬದಲಾಗಿಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ನಿಂತಿದ್ದು ಏನು, ಎಷ್ಟು

25ಸಿ ಎಂದು ಕರೆಯುವ ಈ ರಿಯಾಯಿತಿಯನ್ನು 2022ರ ಕಾಯ್ದೆ ಹಿಗ್ಗಿಸಿತ್ತು. ಅದರ ಪ್ರಕಾರ ಕಿಟಕಿಯ ಬೆಲೆಯಲ್ಲಿ ಶೇ. 30ರಷ್ಟನ್ನು ತೆರಿಗೆಯಲ್ಲಿ ಕಳೆಯಬಹುದಿತ್ತು. ಆದರೆ ವರ್ಷಕ್ಕೆ 600 ಡಾಲರಿನ ಮಿತಿ ಇತ್ತು. ಬಾಗಿಲಿಗೆ ಒಂದಕ್ಕೆ 250, ಎಲ್ಲ ಬಾಗಿಲೂ ಸೇರಿ 500. ಕೂರಿಸುವ ಕೂಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ವರ್ಷ ನಿಮಗೆ ಬರುವ ತೆರಿಗೆಯೇ ಕಡಿಮೆ ಇದ್ದರೆ ಉಳಿದ ಮೊತ್ತ ಕೈಗೆ ಸಿಗುತ್ತಿರಲಿಲ್ಲ, ಮುಂದಿನ ವರ್ಷಕ್ಕೂ ಹೋಗುತ್ತಿರಲಿಲ್ಲ.

ಇನ್ನೊಂದು ಷರತ್ತು ಬಹಳ ಜನರ ಕಣ್ಣಿಗೆ ಬೀಳಲೇ ಇಲ್ಲ. ಕಿಟಕಿಗೆ ಬರೀ ಎನರ್ಜಿ ಸ್ಟಾರ್ ಗುರುತು ಸಾಲದು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ‘ಮೋಸ್ಟ್ ಎಫಿಷಿಯೆಂಟ್’ ದರ್ಜೆ ಬೇಕಿತ್ತು. ಚಳಿ ವಲಯದಲ್ಲಿ ಆ ದರ್ಜೆ ಮುಟ್ಟುವ ಕಿಟಕಿಗಳಲ್ಲಿ ಹೆಚ್ಚಿನವು ಮೂರು ಗಾಜಿನವು. ಅಂದರೆ ಎರಡು ಗಾಜಿನ ಸಾಧಾರಣ ಕಿಟಕಿ ಹಾಕಿಸಿದ ಎಷ್ಟೋ ಮನೆಗಳಿಗೆ ಈ ರಿಯಾಯಿತಿ ಮೊದಲೂ ಸಿಗುವಂತಿರಲಿಲ್ಲ.

ದಿನಾಂಕದ ವಿಷಯದಲ್ಲಂತೂ ಸ್ಪಷ್ಟವಾಗಿರಬೇಕು. ದುಡ್ಡು ಕೊಟ್ಟ ದಿನವನ್ನು ನೋಡುವುದಿಲ್ಲ, ಕಿಟಕಿ ಗೋಡೆಗೆ ಕೂತ ದಿನವನ್ನು ನೋಡುತ್ತಾರೆ. ನವೆಂಬರಿನಲ್ಲಿ ಅಡ್ವಾನ್ಸ್ ಕೊಟ್ಟು ಜನವರಿಯಲ್ಲಿ ಕೂರಿಸಿದ್ದರೆ ರಿಯಾಯಿತಿ ಇಲ್ಲ. 2025ರೊಳಗೆ ಕೂರಿಸಿದ್ದರೆ ಆ ವರ್ಷದ ತೆರಿಗೆ ಲೆಕ್ಕದ ಜೊತೆ ಫಾರ್ಮ್ 5695ರಲ್ಲಿ ಕೇಳಬಹುದು. ಅದಕ್ಕೆ ತಯಾರಿಸಿದ ಕಂಪನಿಯ ಗುರುತು ಸಂಖ್ಯೆ ಬೇಕು. ರಸೀದಿಯಲ್ಲಿ ಅದು ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ ಪಡೆಯಬೇಕು.

ಗಾಜಿನ ಮೇಲಿನ ಎರಡು ಚೀಟಿ

ಎನರ್ಜಿ ಸ್ಟಾರ್ ಹೋದರೆ ಗತಿ ಏನು ಅನ್ನುವ ಭಯಕ್ಕೆ ಉತ್ತರ ಹೊಸ ಕಿಟಕಿಯ ಗಾಜಿನ ಮೇಲೆಯೇ ಅಂಟಿರುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ಚೀಟಿ ಇರುತ್ತವೆ. ಒಂದು ಎನರ್ಜಿ ಸ್ಟಾರ್ ಗುರುತು. ಈ ಕಿಟಕಿ ನಿಮ್ಮ ವಲಯಕ್ಕೆ ಪಾಸೋ ಫೇಲೋ ಎಂದಷ್ಟೇ ಅದು ಹೇಳುತ್ತದೆ. ಇನ್ನೊಂದು ಎನ್‌ಎಫ್‌ಆರ್‌ಸಿ ಎಂಬ ಸಂಸ್ಥೆಯ ಚೀಟಿ. ಅಂಕಗಳು ಇರುವುದು ಅದರಲ್ಲಿ. ಈ ಸಂಸ್ಥೆ ಸರ್ಕಾರದ ಇಲಾಖೆಯಲ್ಲ, ಲಾಭಕ್ಕಾಗಿ ನಡೆಸದ ಸ್ವತಂತ್ರ ಸಂಸ್ಥೆ. ಕಟ್ಟಡ ನಿಯಮಗಳು ಅದರ ಅಂಕಗಳನ್ನೇ ಕೇಳುತ್ತವೆ. ಹಾಗಾಗಿ ಎನರ್ಜಿ ಸ್ಟಾರಿಗೆ ಏನೇ ಆದರೂ ಈ ಚೀಟಿ ಮಾಯವಾಗುವ ಸಾಧ್ಯತೆ ಕಡಿಮೆ.

ಚೀಟಿಯಲ್ಲಿ ಮುಖ್ಯವಾಗಿ ನೋಡಬೇಕಾದ ಅಂಕ ಎರಡು. ಯು-ಫ್ಯಾಕ್ಟರ್ ಅಂದರೆ ಕಿಟಕಿಯ ಮೂಲಕ ಶಾಖ ಎಷ್ಟು ಬೇಗ ಹೊರಹೋಗುತ್ತದೆ ಎಂಬ ಅಳತೆ. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಸ್‌ಎಚ್‌ಜಿಸಿ ಅಂದರೆ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬ ಅಳತೆ. 0.40 ಎಂದರೆ ಶೇ. 40. 2023ರ ಅಕ್ಟೋಬರಿನಿಂದ ಚಳಿ ವಲಯಕ್ಕೆ ಎನರ್ಜಿ ಸ್ಟಾರಿನ ಮುಖ್ಯ ಮಿತಿ ಯು 0.22. ಯು ಸ್ವಲ್ಪ ಜಾಸ್ತಿ ಇದ್ದರೂ ಬಿಸಿಲು ಚೆನ್ನಾಗಿ ಒಳಬಿಡುವ ಕಿಟಕಿಗಳಿಗೆ ಅಲ್ಲಿ ಸ್ವಲ್ಪ ಸಡಿಲವೂ ಇದೆ.

ಒಂದು ಎಚ್ಚರ ಬೇಕು. ಮಾರಾಟದ ಕಾಗದಗಳಲ್ಲಿ ಗಾಜಿನ ನಟ್ಟನಡುವಿನ ಅಂಕವನ್ನು ಮಾತ್ರ ತೋರಿಸುವುದುಂಟು. ನಡುಗಾಜು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಶಾಖ ಜಾಸ್ತಿ ಸೋರುವುದು ಗಾಜಿನ ಅಂಚು ಮತ್ತು ಫ್ರೇಮಿನಲ್ಲಿ. ಎನ್‌ಎಫ್‌ಆರ್‌ಸಿ ಅಂಕ ಇಡೀ ಕಿಟಕಿಯದು. ಹೋಲಿಸುವುದಾದರೆ ಅದನ್ನೇ ಹೋಲಿಸಬೇಕು.

ಶಾಖ ಹೋಗುವ ದಾರಿ

ಕಿಟಕಿಯಿಂದ ಶಾಖ ಹಲವು ದಾರಿಯಲ್ಲಿ ಹೋಗುತ್ತದೆ. ಗಾಜು ಮತ್ತು ಫ್ರೇಮಿನ ಮೂಲಕ ನೇರವಾಗಿ ದಾಟುತ್ತದೆ. ಬಿಸಿಯಾದ ಗಾಜು ಎದುರಿನ ತಣ್ಣನೆ ಗಾಜಿನ ಕಡೆಗೆ ಶಾಖವನ್ನು ಸೂಸುತ್ತದೆ. ಎರಡು ಗಾಜಿನ ನಡುವಿನ ಗಾಳಿ ಸುತ್ತುತ್ತಾ ಒಂದರ ಬಿಸಿಯನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ಇವುಗಳ ಜೊತೆಗೆ ಸಂದಿಯಲ್ಲಿ ಸೋರುವ ಗಾಳಿ ಬೇರೆ.

ಒಂದೊಂದಕ್ಕೂ ಒಂದೊಂದು ಮದ್ದಿದೆ. ಸೂಸುವ ಶಾಖವನ್ನು ತಡೆಯಲು ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಹಚ್ಚುತ್ತಾರೆ. ಅದೇ ಲೋ-ಇ. ಸುತ್ತುವ ಗಾಳಿಯ ಬದಲು ಆರ್ಗಾನ್ ಅನಿಲ ತುಂಬುತ್ತಾರೆ. ಅದು ಗಾಳಿಗಿಂತ ಭಾರ, ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಗಾಜುಗಳ ನಡುವೆ ಅಂತರ ಹಿಡಿಯುವ ಪಟ್ಟಿ ಅಲ್ಯೂಮಿನಿಯಂನದ್ದಾದರೆ ಅಂಚು ತಣ್ಣಗಾಗುತ್ತದೆ. ಅದಕ್ಕೇ ಫೋಮ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಕೇಳಬೇಕು. ಫ್ರೇಮಿನಲ್ಲಿ ವಿನೈಲ್ ಅಗ್ಗ. ಫೈಬರ್‌ಗ್ಲಾಸ್ ದುಬಾರಿಯಾದರೂ ಬಿಸಿ–ಚಳಿಗೆ ಗಾಜಿನಷ್ಟೇ ಹಿಗ್ಗಿ ಕುಗ್ಗುವುದರಿಂದ ಸಂದಿ ಬಿಡುವುದು ಕಡಿಮೆ. ತೆರೆಯುವ ರೀತಿಯೂ ಮುಖ್ಯ. ಬಾಗಿಲಿನಂತೆ ಕೀಲಿನ ಮೇಲೆ ತೆರೆಯುವ ಕೇಸ್‌ಮೆಂಟ್ ಕಿಟಕಿ ಮುಚ್ಚಿದಾಗ ರಬ್ಬರ್ ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ. ಮೇಲೆ ಕೆಳಗೆ ಜಾರುವ ಕಿಟಕಿಯಲ್ಲಿ ಪಟ್ಟಿ ಉಜ್ಜುತ್ತಾ ಸವೆಯುತ್ತದೆ, ಗಾಳಿ ನುಸುಳುತ್ತದೆ.

ಅಂಕ ಒಳ್ಳೆಯದು, ಗಾಜು ಮಾತ್ರ ಬೆವರುತ್ತದೆ

ಯು ಅಂಕವೊಂದನ್ನೇ ನಂಬಿದರೆ ಎಡವುವ ಜಾಗ ಇಲ್ಲಿದೆ. ಎರಡು ಗಾಜಿಗೆ ಒಟ್ಟು ನಾಲ್ಕು ಮೈ. ಹೊರಗಿನಿಂದ ಎಣಿಸಿದರೆ ಕೋಣೆಯ ಕಡೆಗಿರುವುದು ನಾಲ್ಕನೆಯದು. ಮಾಮೂಲಾಗಿ ಲೋ-ಇ ಲೇಪ ಎರಡನೆಯ ಅಥವಾ ಮೂರನೆಯ ಮೈಗೆ, ಅಂದರೆ ಗಾಜುಗಳ ನಡುವೆ ಇರುತ್ತದೆ. ಮೂರನೇ ಗಾಜಿನ ಖರ್ಚಿಲ್ಲದೆ ಅಂಕ ಇಳಿಸಲು ಕೆಲವು ಕಂಪನಿಗಳು ನಾಲ್ಕನೆಯ ಮೈಗೂ ಒಂದು ಲೇಪ ಹಚ್ಚುತ್ತವೆ. ಅಂಕ ನಿಜವಾಗಿಯೂ ಇಳಿಯುತ್ತದೆ. ಕೋಣೆಯ ಶಾಖವನ್ನು ಆ ಲೇಪ ಕೋಣೆಗೇ ಹಿಂದಕ್ಕೆ ಕಳಿಸುತ್ತದಲ್ವಾ, ಅದಕ್ಕೆ. ಆದರೆ ಅದೇ ಕಾರಣಕ್ಕೆ ಒಳಗಾಜಿಗೆ ಶಾಖ ಸಿಗುವುದಿಲ್ಲ. ಗಾಜು ಇನ್ನೂ ತಣ್ಣಗಾಗುತ್ತದೆ, ಬೇಗ ಬೆವರುತ್ತದೆ.

ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್, ಒಳಗೆ 21 ಇದೆ ಅಂದುಕೊಳ್ಳಿ. ಲೇಪವಿಲ್ಲದ ಹಳೆಯ ಎರಡು ಗಾಜಿನ ಕಿಟಕಿಯಲ್ಲಿ ಒಳಗಾಜಿನ ನಡುಭಾಗ ಸುಮಾರು 7 ಡಿಗ್ರಿಯಲ್ಲಿರುತ್ತದೆ. ಒಳ್ಳೆಯ ಮೂರು ಗಾಜಿನ ಕಿಟಕಿಯಲ್ಲಿ 16ರ ಹತ್ತಿರ ಇರುತ್ತದೆ. ಮನೆಯ ಗಾಳಿಯಲ್ಲಿ ಶೇ. 40 ತೇವಾಂಶ ಇದ್ದರೆ 7 ಡಿಗ್ರಿಗೇ ನೀರು ಕಟ್ಟಲು ಶುರು. ನಮ್ಮ ಅಡುಗೆಮನೆಗಳಲ್ಲಿ ಅನ್ನ, ಸಾರು, ಕುಕ್ಕರ್, ಇಡ್ಲಿ ಪಾತ್ರೆ ಎಲ್ಲದರಿಂದಲೂ ಹಬೆ ಏಳುತ್ತದೆ. ಒಲೆಯ ಮೇಲಿನ ಫ್ಯಾನ್ ಆ ಗಾಳಿಯನ್ನು ಹೊರಗೆ ಬಿಡದೆ ಒಳಗೇ ತಿರುಗಿಸುವ ಮಾದರಿಯಾದರೆ ತೇವ ಮನೆಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಗಾಜಿನ ಕೆಳ ಅಂಚಿನಲ್ಲಿ ನೀರು, ಆಮೇಲೆ ಮೂಲೆಯಲ್ಲಿ ಕಪ್ಪು ಬೂಷ್ಟು, ಕೆಲವು ವರ್ಷಕ್ಕೆ ಮರದ ಫ್ರೇಮು ಲಡ್ಡು. ಇಂಥ ಮನೆಗೆ ಮೂರು ಗಾಜಿನ ಕಿಟಕಿಯಿಂದ ಆಗುವ ಉಪಕಾರ ಬಿಲ್ಲಿನಲ್ಲಿ ಕಾಣುವುದಕ್ಕಿಂತ ದೊಡ್ಡದು. ಜೊತೆಗೆ ಹೊರಗೆ ಗಾಳಿ ಬಿಡುವ ಫ್ಯಾನನ್ನೂ ಹಾಕಿಸಬೇಕು.

ಬಿಸಿಲನ್ನು ಹೊರಗೇ ನಿಲ್ಲಿಸಬೇಡಿ

ಅರಿಜೋನಾದಂಥ ಬಿಸಿಲು ನಾಡಿಗೆ ಎಸ್‌ಎಚ್‌ಜಿಸಿ ಕಡಿಮೆ ಇರುವ ಗಾಜು ಬೇಕು. ಚಳಿ ಊರಿನ ದಕ್ಷಿಣದ ಕಿಟಕಿಗೆ ಇದರ ತದ್ವಿರುದ್ಧ. ಮಿನ್ನಿಯಾಪೊಲಿಸ್ 45 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಿನಲ್ಲಿ ಅಲ್ಲಿ ಸೂರ್ಯ ಸುಮಾರು 21 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಆಳಕ್ಕೆ ಬರುತ್ತದೆ. ಅದು ಪುಕ್ಕಟೆ ಶಾಖ. ಜೂನಿನಲ್ಲಿ ಸೂರ್ಯ 68 ಡಿಗ್ರಿ ಎತ್ತರದಲ್ಲಿರುವುದರಿಂದ ಸೂರಿನ ಚಾಚೇ ನೆರಳು ಕೊಡುತ್ತದೆ.

ಒಳಬರುವ ಬಿಸಿಲು, ಹೊರಹೋಗುವ ಶಾಖ ಎರಡನ್ನೂ ತೂಗಿ ಕೆನಡಾದವರು ಒಂದೇ ಅಂಕ ಮಾಡಿದ್ದಾರೆ. ಅದರ ಹೆಸರು ಇಆರ್, ಅಂದರೆ ಎನರ್ಜಿ ರೇಟಿಂಗ್. ಬಿಸಿಲಿಗೆ ಅಂಕ ಕೂಡುತ್ತದೆ, ಸೋರಿಕೆಗೆ ಕಳೆಯುತ್ತದೆ. ಆ ಸೂತ್ರದ ಪ್ರಕಾರ ಎಸ್‌ಎಚ್‌ಜಿಸಿ 0.10 ಹೆಚ್ಚಿದರೆ ಆಗುವ ಲಾಭ, ಅಮೆರಿಕದ ಅಳತೆಯಲ್ಲಿ ಯು ಸುಮಾರು 0.046 ಇಳಿದಾಗ ಆಗುವ ಲಾಭಕ್ಕೆ ಸಮ. ಇದು ಸಣ್ಣದೇನಲ್ಲ. ದಕ್ಷಿಣಕ್ಕೆ ಬಿಸಿಲು ಬಿಡುವ ಗಾಜು, ಉತ್ತರಕ್ಕೆ ಯು ಅತಿ ಕಡಿಮೆ ಇರುವ ಗಾಜು, ಬೇಸಿಗೆಯ ಸಂಜೆ ಬಿಸಿಲು ಹೊಡೆಯುವ ಪಶ್ಚಿಮಕ್ಕೆ ಬಿಸಿಲು ತಡೆಯುವ ಗಾಜು. ಇಷ್ಟು ಭೇದ ಮಾಡಿ ಆರ್ಡರ್ ಕೊಡಬಹುದು. ಮಾರುವವರು ಇಡೀ ಮನೆಗೆ ಒಂದೇ ಗಾಜು ಬರೆದುಕೊಂಡು ಹೋಗುತ್ತಾರೆ, ಕೇಳುವವರು ಕೇಳಬೇಕು.

ದುಡ್ಡು ವಾಪಸ್ ಬರುತ್ತದೆಯೇ?

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮಿನ್ನಿಯಾಪೊಲಿಸ್‌ನ ಒಂದು ಮನೆ, 20 ಕಿಟಕಿ, ಒಂದೊಂದು 15 ಚದರ ಅಡಿ. ಈಗಿರುವುದು ಲೇಪವಿಲ್ಲದ ಎರಡು ಗಾಜು, ಯು 0.50. ಹಾಕಿಸುವುದು ಯು 0.22. ಅಲ್ಲಿನ ಚಳಿಗಾಲದ ಒಟ್ಟು ತೀವ್ರತೆ ಸುಮಾರು 7,500 ಫ್ಯಾರನ್‌ಹೀಟ್ ಡಿಗ್ರಿ-ದಿನ. ಇವನ್ನೆಲ್ಲ ಗುಣಿಸಿದರೆ ವರ್ಷಕ್ಕೆ ಉಳಿಯುವ ಶಾಖ ಸುಮಾರು 150 ಥರ್ಮ್ (ಗ್ಯಾಸ್ ಬಿಲ್ಲಿನಲ್ಲಿ ಶಾಖದ ಅಳತೆ). ಶೇ. 90 ದಕ್ಷತೆಯ ಗ್ಯಾಸ್ ಕುಲುಮೆಯಾದರೆ 168 ಥರ್ಮ್ ಗ್ಯಾಸ್. ಥರ್ಮ್‌ಗೆ ಒಂದೂಕಾಲು ಡಾಲರ್ ಹಿಡಿದರೆ ವರ್ಷಕ್ಕೆ 210 ಡಾಲರ್.

ಕಿಟಕಿಗೆ ಕೂಲಿ ಸೇರಿ ಸಾವಿರ ಡಾಲರ್ ಅಂದುಕೊಂಡರೂ 20 ಸಾವಿರ ಆಯಿತು. ಬಿಲ್ಲಿನ ಉಳಿತಾಯದಿಂದಲೇ ಇದು ವಾಪಸ್ ಬರಲು 95 ವರ್ಷ ಬೇಕು. 600 ಡಾಲರ್ ರಿಯಾಯಿತಿ ಸಿಕ್ಕಿದ್ದರೆ? 92 ವರ್ಷ. ರಿಯಾಯಿತಿ ಇತ್ತೋ ಇಲ್ಲವೋ ಅನ್ನುವುದು ಈ ಲೆಕ್ಕದಲ್ಲಿ ಹೆಚ್ಚು ಕಡಿಮೆ ಗೊತ್ತೇ ಆಗುವುದಿಲ್ಲ.

ಮನೆಯಿಂದ ಮನೆಗೆ ಇದು ಬದಲಾಗುತ್ತದೆ, ನಿಜ. ಹಳೆಯ ಬೇಸ್‌ಬೋರ್ಡ್ ಹೀಟರಿನಂತೆ ನೇರ ಕರೆಂಟಿನಿಂದ ಬಿಸಿ ಮಾಡುವ ಮನೆಯಲ್ಲಿ, ಯೂನಿಟ್ಟಿಗೆ 15 ಸೆಂಟ್ ಹಿಡಿದರೆ, ಅದೇ ಶಾಖಕ್ಕೆ ವರ್ಷಕ್ಕೆ ಸುಮಾರು 665 ಡಾಲರ್ ಉಳಿಯುತ್ತದೆ. ಆಗ 30 ವರ್ಷ. ಒಂಟಿ ಗಾಜಿನ ಕಿಟಕಿ ಇದ್ದರೆ ಉಳಿತಾಯ ಇನ್ನೂ ಜಾಸ್ತಿ. ಆದರೆ ಈಗಾಗಲೇ ಎರಡು ಗಾಜಿರುವ, ಗ್ಯಾಸಿನಿಂದ ಬಿಸಿಯಾಗುವ ಮನೆಯವರಿಗೆ ‘ಕಿಟಕಿ ತನ್ನ ದುಡ್ಡು ತಾನೇ ತೀರಿಸುತ್ತದೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಯಾರ ವಾದ ಏನು

ಕಿಟಕಿ ಉದ್ಯಮದವರು ಇಂಧನ ಇಲಾಖೆಯ ಒಂದು ಮಾತನ್ನು ಮುಂದಿಡುತ್ತಾರೆ: ಮನೆಯನ್ನು ಬಿಸಿ, ತಂಪು ಮಾಡುವ ಶಕ್ತಿಯಲ್ಲಿ ಶೇ. 25ರಿಂದ 30ರಷ್ಟು ಕಿಟಕಿಗಳಿಂದಾಗಿ ಖರ್ಚಾಗುತ್ತದೆ. ಮಾತು ಸರಿ. ಆದರೆ ಅದು ಕಿಟಕಿಯಿಂದ ಆಗುವ ಒಟ್ಟು ಖರ್ಚು, ಬದಲಿಸಿದರೆ ಆಗುವ ಉಳಿತಾಯ ಬೇರೆ. ಹೊಸ ಕಿಟಕಿಯಿಂದಲೂ ಶಾಖ ಹೋಗಿಯೇ ಹೋಗುತ್ತದೆ.

ಮನೆಯ ಶಕ್ತಿ ಪರೀಕ್ಷೆ ಮಾಡುವವರ ಮಾತು ಇನ್ನೊಂದು: ಮೊದಲು ಅಟ್ಟ, ಆಮೇಲೆ ಸಂದಿ, ಕೊನೆಗೆ ಕಿಟಕಿ. ರಿಯಾಯಿತಿ ಬೇಕೆನ್ನುವವರು ಹೇಳುವುದು, ಮೂರು ಗಾಜಿನ ಕಿಟಕಿಗೆ ಬೇಡಿಕೆ ಹುಟ್ಟಿದರೆ ತಾನೆ ಕಾರ್ಖಾನೆಗಳು ಜಾಸ್ತಿ ಮಾಡಿ ಬೆಲೆ ಇಳಿಸುವುದು ಅಂತ. ಬೇಡವೆನ್ನುವವರು ಹೇಳುವುದು, ಹೇಗಿದ್ದರೂ ಹಾಕಿಸುತ್ತಿದ್ದ ಅನುಕೂಲಸ್ಥರಿಗೇ ಈ ದುಡ್ಡು ಹೋಯಿತು ಅಂತ. ತೆರಿಗೆ ಕಡಿಮೆ ಕಟ್ಟುವ ಬಡವರಿಗೆ ರಿಯಾಯಿತಿ ದಕ್ಕದ ಹಾಗಿತ್ತು ಎನ್ನುವುದನ್ನು ನೋಡಿದರೆ ಎರಡನೆಯ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರ ರಿಯಾಯಿತಿಯನ್ನು ತಿದ್ದುವುದಾಗಿತ್ತು. ಶಾಖ ತಡೆಯಲು ಅಟ್ಟಕ್ಕೆ ಹಾಸುವ ಹೊದಿಕೆಗೆ ಸಿಗುತ್ತಿದ್ದ ನೆರವೂ ಇದೇ ಏಟಿಗೆ ಹೋಯಿತು. ನನ್ನ ಮಟ್ಟಿಗೆ ಕಿಟಕಿಯ ರಿಯಾಯಿತಿಗಿಂತ ದೊಡ್ಡ ನಷ್ಟ ಅದು.

ಕಿಟಕಿ ಹತ್ತಿರ ಚಳಿ, ತೂತು ಅಟ್ಟದಲ್ಲಿ

ಅಟ್ಟ ಮೊದಲು ಯಾಕೆ? ಚಳಿಗಾಲದಲ್ಲಿ ಮನೆ ಹೊಗೆಗೂಡಿನ ಹಾಗೆ ಕೆಲಸ ಮಾಡುತ್ತದೆ. ಬಿಸಿ ಗಾಳಿ ಮೇಲೇರಿ ಅಟ್ಟದ ತೂತುಗಳಿಂದ, ಲೈಟಿನ ಸಂದಿಗಳಿಂದ ಹೊರಹೋಗುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆ ಕೆಳಗಿನ ಕಿಟಕಿ, ಬಾಗಿಲುಗಳ ಸಂದಿಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಕುಳಿತವರಿಗೆ ಚಳಿ ಹೊಡೆಯುವುದು ಕಿಟಕಿ ಕಡೆಯಿಂದ, ಎಳೆಯುತ್ತಿರುವುದು ಮಾತ್ರ ಅಟ್ಟ. ಮೇಲಿನ ತೂತು ಮುಚ್ಚಿದರೆ ಕೆಳಗಿನ ಸೆಳೆತ ತಾನೇ ಕಡಿಮೆಯಾಗುತ್ತದೆ.

ಸಂದಿಯೇ ಇಲ್ಲದ ಕಿಟಕಿಯ ಬಳಿಯೂ ಚಳಿ ಗಾಳಿ ಬಂದಂತೆ ಅನ್ನಿಸಬಹುದು. ತಣ್ಣನೆ ಗಾಜಿಗೆ ತಾಗಿದ ಕೋಣೆಯ ಗಾಳಿಯೇ ತಂಪಾಗಿ ಕೆಳಗೆ ಜಾರಿ ಕಾಲಿಗೆ ಬಡಿಯುತ್ತದೆ. ಇದಕ್ಕೆ ಸಂದಿ ತುಂಬಿ ಪ್ರಯೋಜನವಿಲ್ಲ, ಗಾಜು ಬೆಚ್ಚಗಾಗಬೇಕು. ಯಾವುದು ಯಾವುದೆಂದು ಬ್ಲೋವರ್ ಡೋರ್ ಪರೀಕ್ಷೆ ತೋರಿಸುತ್ತದೆ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಮನೆಯ ಗಾಳಿಯನ್ನು ಹೊರಗೆಳೆದು, ಎಲ್ಲೆಲ್ಲಿ ಸೋರುತ್ತದೆ ಎಂದು ಹುಡುಕುವ ಪರೀಕ್ಷೆ ಅದು.

ಫ್ರೇಮು ಗಟ್ಟಿಯಾಗಿದ್ದು ಗಾಜು ಮಾತ್ರ ಹಳೆಯದಾಗಿದ್ದರೆ ಇನ್ನೊಂದು ಅಗ್ಗದ ದಾರಿಯಿದೆ. ಲೋ-ಇ ಲೇಪವಿರುವ ಸ್ಟಾರ್ಮ್ ವಿಂಡೋವನ್ನು, ಅಂದರೆ ಇನ್ನೊಂದು ಗಾಜಿನ ಚೌಕಟ್ಟನ್ನು, ಇರುವ ಕಿಟಕಿಗೆ ಹೊರಗಿನಿಂದಲೋ ಒಳಗಿನಿಂದಲೋ ಜೋಡಿಸುವುದು. ಹೊಸ ಕಿಟಕಿಗಿಂತ ಬಹಳ ಕಡಿಮೆ ಖರ್ಚು. ಒಂಟಿ ಗಾಜಿನ ಹಳೆಯ ಮನೆಗೆ ಇದರಷ್ಟು ಒಳ್ಳೆಯ ಸುಧಾರಣೆ ಕಡಿಮೆ.

ಬಾಗಿಲಿನ ಮಾತು

ಬಾಗಿಲಿನ ಲೆಕ್ಕ ಸರಳ. ಗಾಜಿಲ್ಲದ ಬಾಗಿಲಿಗೆ ಎನರ್ಜಿ ಸ್ಟಾರ್ ಮಿತಿ ಯು 0.17. ಒಳಗೆ ಫೋಮ್ ತುಂಬಿದ ಸ್ಟೀಲ್ ಅಥವಾ ಫೈಬರ್‌ಗ್ಲಾಸ್ ಬಾಗಿಲು ಇದನ್ನು ಮುಟ್ಟುತ್ತದೆ. ನೋಡಲು ಭಾರಿಯಾದ ಗಟ್ಟಿಮರದ ಬಾಗಿಲು ಮುಟ್ಟುವುದಿಲ್ಲ. ಗಾಜು ಹೆಚ್ಚಿದಷ್ಟೂ ಬಾಗಿಲು ಕಿಟಕಿಯೇ ಆಗಿಬಿಡುತ್ತದೆ.

ಆದರೆ ಬಾಗಿಲಿನ ಹಲಗೆಗಿಂತ ಅದರ ಸುತ್ತಲಿನ ಸಂದಿಯೇ ಹೆಚ್ಚು ಕಾಟ ಕೊಡುವುದು. ಒಂದು ಡಾಲರ್ ನೋಟನ್ನು ಚೌಕಟ್ಟಿನಲ್ಲಿಟ್ಟು ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಪಟ್ಟಿ ಸತ್ತಿದೆ. ಪಟ್ಟಿ ಬದಲಿಸುವುದು, ಹೊಸ್ತಿಲನ್ನು ಸ್ವಲ್ಪ ಎತ್ತರಿಸುವುದು, ಕೆಳಗೆ ಬ್ರಷ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಹೊಸ ಬಾಗಿಲು ಕೊಳ್ಳುವುದೇ ಆದರೆ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಹಿಡಿಯುವ ಬೀಗದ್ದನ್ನು ನೋಡಿ. ಚಳಿಗೆ ಬಾಗಿಲು ಬಾಗಿದರೂ ಅದು ಪಟ್ಟಿಗೆ ಒತ್ತಿ ಹಿಡಿದಿರುತ್ತದೆ.

ಕೂರಿಸುವ ಕೈ

ಹಳೆಯ ಫ್ರೇಮಿನೊಳಗೇ ಹೊಸ ಕಿಟಕಿ ಸಿಕ್ಕಿಸುವುದು ಒಂದು ವಿಧಾನ, ಫ್ರೇಮನ್ನೂ ಕಿತ್ತು ಹೊಸದಾಗಿ ಕೂರಿಸುವುದು ಇನ್ನೊಂದು. ಮೊದಲನೆಯದು ಅಗ್ಗ. ಆದರೆ ಹಳೆಯ ಕಾಲದ ಮನೆಗಳಲ್ಲಿ ಕಿಟಕಿಯ ಎರಡೂ ಪಕ್ಕ ಗೋಡೆಯೊಳಗೆ ಟೊಳ್ಳು ಜಾಗ ಇರುತ್ತದೆ. ಜಾರುವ ಕಿಟಕಿಗೆ ಹಗ್ಗದಲ್ಲಿ ಕಟ್ಟಿದ ಕಬ್ಬಿಣದ ತೂಕಗಳು ಅದರೊಳಗೆ ನೇತಾಡುತ್ತಿದ್ದವು. ಆ ಟೊಳ್ಳನ್ನು ತುಂಬದೆ ಹೊಸ ಕಿಟಕಿ ಸಿಕ್ಕಿಸಿ ಹೋದರೆ, ಯು 0.20ರ ಗಾಜಿನ ಅಂಗೈಯಗಲ ಪಕ್ಕದಲ್ಲೇ ಹೊರಗಿನ ಗಾಳಿ ಆಡುತ್ತಿರುತ್ತದೆ. ಕೊಟೇಶನ್ನಿನಲ್ಲಿ ಟೊಳ್ಳು ತುಂಬುವುದು, ಸುತ್ತ ಕಡಿಮೆ ಉಬ್ಬುವ ಫೋಮ್ ಹಾಕುವುದು, ತಳಕ್ಕೆ ನೀರು ಹೊರಹರಿಯುವ ಹೊದಿಕೆ ಕೊಡುವುದು ಬರೆದಿದೆಯೇ ನೋಡಬೇಕು. ಇಲ್ಲದಿದ್ದರೆ ಬರೆಸಿಕೊಳ್ಳಬೇಕು.

ಗಡಿಯಾಚೆ

ಕೆನಡಾದಲ್ಲಿರುವ ಕನ್ನಡಿಗರು ಅಮೆರಿಕದ ಸುದ್ದಿ ಓದಿ ಗಲಿಬಿಲಿಗೊಳ್ಳಬೇಕಿಲ್ಲ, ಅಲ್ಲಿನ ಕಥೆ ಬೇರೆ. ಮನೆಯ ಶಕ್ತಿ ಖರ್ಚು ಇಳಿಸುವ ಕೆಲಸಕ್ಕೆಂದು 2021ರಲ್ಲಿ ಶುರುವಾದ ಗ್ರೀನರ್ ಹೋಮ್ಸ್ ಅನುದಾನ 2024ರ ಆರಂಭದಲ್ಲೇ ಹೊಸ ಅರ್ಜಿ ನಿಲ್ಲಿಸಿತು, ಬಡ್ಡಿಯಿಲ್ಲದ ಸಾಲವೂ 2025ರ ಅಕ್ಟೋಬರಿನಲ್ಲಿ ಹೊಸಬರಿಗೆ ಮುಚ್ಚಿತು. ಅಂಕದ ಅಳತೆಯೂ ಬೇರೆ. ಅಲ್ಲಿನ ಎನರ್ಜಿ ಸ್ಟಾರಿಗೆ ಯು 1.22 ಅಥವಾ ಇಆರ್ 34 ಬೇಕು. 1.22ನ್ನು 5.678ರಿಂದ ಭಾಗಿಸಿದರೆ ಅಮೆರಿಕದ ಅಳತೆಯ 0.21ರ ಹತ್ತಿರ ಬರುತ್ತದೆ. ಅಂದರೆ ಎರಡೂ ದೇಶದ ಮಿತಿ ಹೆಚ್ಚು ಕಡಿಮೆ ಒಂದೇ.

ಮುಂದೇನಾಗಬಹುದು

ಅತ್ಯುತ್ತಮ ದರ್ಜೆಯ ಕಿಟಕಿಗೆ ರಿಯಾಯಿತಿ ಹುಟ್ಟಿಸಿದ್ದ ಬೇಡಿಕೆ ಸ್ವಲ್ಪ ಇಳಿಯಬಹುದು. ಹಾಗಾದರೆ ಮಾರಾಟಗಾರರು ಮತ್ತೆ ಅಗ್ಗದ ಎರಡು ಗಾಜಿನ ಕಡೆ ಒತ್ತು ಕೊಡುತ್ತಾರೆ. ನಾಲ್ಕನೆಯ ಮೈಗೆ ಲೇಪ ಹಚ್ಚಿದ ಮಾದರಿಗಳೂ ಹೆಚ್ಚಾಗಬಹುದು. ಕೇಂದ್ರದ ನೆರವು ಹೋದ ಜಾಗವನ್ನು ಕೆಲವು ರಾಜ್ಯಗಳು, ಗ್ಯಾಸ್ ಮತ್ತು ಕರೆಂಟ್ ಕಂಪನಿಗಳು ತಮ್ಮ ರಿಬೇಟ್‌ಗಳಿಂದ ಒಂದಿಷ್ಟು ತುಂಬುತ್ತವೆ. ಅವು ಊರಿಂದೂರಿಗೆ ಬೇರೆ ಬೇರೆ ಇರುವುದರಿಂದ ಸಹಿ ಹಾಕುವ ಮೊದಲು ನಿಮ್ಮ ಬಿಲ್ಲು ಕಳಿಸುವ ಕಂಪನಿಯನ್ನೇ ವಿಚಾರಿಸುವುದು ಒಳ್ಳೆಯದು. ಹೊಸ ಮನೆಗಳ ಮಟ್ಟಿಗೆ ರಾಜ್ಯಗಳ ಕಟ್ಟಡ ನಿಯಮವೇ ಕಿಟಕಿಯ ಗುಣಮಟ್ಟ ತೀರ್ಮಾನಿಸುತ್ತದೆ.

ಹಳೆಯ ಮನೆಯವರಿಗೆ ಈಗ ಅವಸರಪಡಿಸುವ ಗಡುವು ಯಾವುದೂ ಉಳಿದಿಲ್ಲ. ಫ್ರೇಮು ಲಡ್ಡಾಗಿದ್ದರೆ, ಎರಡು ಗಾಜಿನ ನಡುವೆಯೇ ಮಂಜು ಕಟ್ಟಿದ್ದರೆ, ಮಲಗುವ ಕೋಣೆ ಚಳಿಗೆ ಕೂರಲಾಗದಂತಿದ್ದರೆ ಕಿಟಕಿ ಬದಲಿಸಿ, ಆಗ ಮೂರು ಗಾಜಿನದ್ದನ್ನೇ ಹಾಕಿಸಿ. ಇವು ಯಾವುವೂ ಇಲ್ಲದೆ ಸುಮ್ನೆ ಬಿಲ್ಲು ಇಳಿಸಬೇಕೆಂದಿದ್ದರೆ, ಮೊದಲ ಕರೆ ಕಿಟಕಿ ಅಂಗಡಿಗೆ ಬೇಡ, ಬ್ಲೋವರ್ ಡೋರ್ ಪರೀಕ್ಷೆ ಮಾಡುವವರಿಗೆ ಮಾಡಿ.